ವೈಫೈ ಇದೆ, ಬ್ಲೂಟೂತ್ ಇಲ್ಲ

ಇರುವುದು ಒಂದೇ ಕಾರ್ಡ್. ಅದರಲ್ಲಿ ವೈಫೈ ನಡೆಯುತ್ತದೆ, ಬ್ಲೂಟೂತ್ ನಡೆಯುವುದಿಲ್ಲ. ಈ ದೂರು ಹೊತ್ತು ಯಾರ ಬಳಿ ಹೋದರೂ ಎರಡರಲ್ಲಿ ಒಂದು ಉತ್ತರ ಸಿಗುತ್ತದೆ. ‘ವೈಫೈ ಬರ್ತೈತಲ್ರೀ, ಹಂಗಾದ್ರ ಕಾರ್ಡ್ ಸರಿ ಐತಿ, ನಿಮ್ಮ ವಿಂಡೋಸ್ ಕೆಟ್ಟೈತಿ’ ಎನ್ನುವುದು ಒಂದು. ‘ಕಾರ್ಡ್ ಅರ್ಧ ಸುಟ್ಟೈತಿ, ಹೊಸಾದು ಹಾಕ್ಸ್ರಿ’ ಎನ್ನುವುದು ಇನ್ನೊಂದು. ನಮಗೆ ಎರಡೂ ಉತ್ತರ ಸಿಕ್ಕಿದವು. ಎರಡೂ ತಪ್ಪಾಗಿದ್ದವು. ನಿಜವಾದ ಕಾರಣ ಕಂಪ್ಯೂಟರಿನ ಹೊಟ್ಟೆಯೊಳಗೆ ಇತ್ತು, ಅಥವಾ ಸರಿಯಾಗಿ ಹೇಳಬೇಕೆಂದರೆ, ಹೊಟ್ಟೆಯೊಳಗೆ ಇರಬೇಕಾದದ್ದು ಡಬ್ಬಿಯಲ್ಲಿ ಉಳಿದಿತ್ತು.

ನಮ್ಮ ಹಾಗೆ ಬಿಡಿ ಭಾಗ ತಂದು ಡೆಸ್ಕ್‌ಟಾಪ್ ಜೋಡಿಸಿಕೊಂಡವರು ಜಿಲ್ಲೆ, ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ. ಅವರಿಗೆ ಉಪಯೋಗಕ್ಕೆ ಬರಲಿ ಎಂದು ಇದನ್ನು ಬರೆಯುತ್ತಿದ್ದೇವೆ. ಇದರಲ್ಲಿ ಬ್ಲೂಟೂತ್ ಹಾಡು ಕೇಳುವ ಶೋಕಿಯ ವಸ್ತುವಲ್ಲ ಎಂಬುದನ್ನು ಮೊದಲೇ ಹೇಳಿಬಿಡಬೇಕು.

ಹಾವೇರಿ ಜಿಲ್ಲೆಯ ಒಂದು ತಾಲ್ಲೂಕು ಊರಿನಲ್ಲಿ ನಾವು ಮೂವರು ಅರೆಕಾಲಿಕ ವರದಿಗಾರರು ಸೇರಿ ಒಂದು ಕೋಣೆ ಬಾಡಿಗೆ ಹಿಡಿದಿದ್ದೇವೆ. ಪತ್ರಿಕೆಗಳು ಬೇರೆ ಬೇರೆ, ಬಾಡಿಗೆ ಒಂದೇ. ಸುದ್ದಿ ಲೆಕ್ಕದಲ್ಲಿ ಬರುವ ಹಣದಲ್ಲಿ ಮೂರು ಲ್ಯಾಪ್‌ಟಾಪ್ ಕೊಳ್ಳುವುದು ಆಗದ ಮಾತು. ಹಾಗಾಗಿ ಒಂದು ಗಟ್ಟಿಯಾದ ಡೆಸ್ಕ್‌ಟಾಪ್ ಮಾಡಿಸಿಕೊಂಡೆವು. ಕೆಲವು ಭಾಗಗಳನ್ನು ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯಿಂದ ತಂದೆವು, ಉಳಿದದ್ದನ್ನು ನಮ್ಮ ಊರಿನ ಅಂಗಡಿಯಲ್ಲಿಯೇ ತೆಗೆದುಕೊಂಡು, ಅಲ್ಲಿಯೇ ಜೋಡಿಸಿಸಿದೆವು. ಮದರ್‌ಬೋರ್ಡ್‌ನಲ್ಲಿ ವೈಫೈ ಇರಲಿಲ್ಲ. ಅದಕ್ಕಾಗಿ ಪಿಸಿಐಇ ಸ್ಲಾಟಿನಲ್ಲಿ ಕೂರುವ ಕಾರ್ಡ್ ಹಾಕಿಸಿದೆವು. ಡಬ್ಬಿಯ ಮೇಲೆ ವೈಫೈ ಮತ್ತು ಬ್ಲೂಟೂತ್ ಎರಡೂ ಎಂದು ಬರೆದಿತ್ತು. ಅದನ್ನು ನೋಡಿಯೇ ಆ ಕಾರ್ಡ್ ಆರಿಸಿದ್ದು.

ಬ್ಲೂಟೂತ್ ಬೇಕಾಗಿದ್ದು ನಮ್ಮಲ್ಲಿ ಹಿರಿಯರಾದವರಿಗೆ. ಅವರನ್ನು ನಾವೆಲ್ಲ ‘ಸರ’ ಎನ್ನುತ್ತೇವೆ. ಈ ತಾಲ್ಲೂಕಿನ ಕೆರೆ, ಕಾಲುವೆ, ಸೊಸೈಟಿ ಚುನಾವಣೆ ಎಲ್ಲದರ ಹಳೆಯ ಜಗಳ ಅವರಿಗೆ ಬಾಯಿಪಾಠ. ಆದರೆ ನಾಲ್ಕೈದು ವರ್ಷದಿಂದ ಅವರ ಕಿವಿ ಮಂದವಾಗುತ್ತ ಬಂದಿದೆ. ವಯಸ್ಸಿನ ಜೊತೆ ಬರುವ ಕಿವುಡು ಸಾಮಾನ್ಯವಾಗಿ ಮೊದಲು ಎತ್ತರದ, ತೀಕ್ಷ್ಣವಾದ ಧ್ವನಿಗಳನ್ನು ಕದಿಯುತ್ತದೆ. ಮಾತು ಕೇಳಿಸುತ್ತದೆ, ಆದರೆ ಬಿಡಿಸಿ ತಿಳಿಯುವುದಿಲ್ಲ. ಸ, ಶ, ತ, ಚ ಇಂಥ ವ್ಯಂಜನಗಳು ಒಂದರೊಳಗೊಂದು ಕಲಸಿಹೋಗುತ್ತವೆ.

ವರದಿಗಾರನಿಗೆ ಇದು ಎಷ್ಟು ದೊಡ್ಡ ಪೆಟ್ಟು ಎಂಬುದು ಕನ್ನಡದಲ್ಲಿ ಕೆಲಸ ಮಾಡುವವರಿಗೆ ಬೇಗ ತಿಳಿಯುತ್ತದೆ. ನಮ್ಮ ಭಾಷೆಯಲ್ಲಿ ಹೌದು-ಅಲ್ಲ ಎನ್ನುವುದು ಮಾತಿನ ಬಾಲದಲ್ಲಿ ಇರುತ್ತದೆ. ನಮ್ಮ ಕಡೆಯ ಆಡುಮಾತಿನಲ್ಲಂತೂ ಒಂದೇ ಅಕ್ಷರದ ಅಂತರ. ‘ರೊಕ್ಕ ಬಂದಿತ್ರಿ’ ಎಂದರೆ ಹಣ ಬಂದಿತ್ತು. ‘ರೊಕ್ಕ ಬಂದಿಲ್ರಿ’ ಎಂದರೆ ಬಂದಿಲ್ಲ. ನಡುವೆ ಇರುವುದು ‘ತ’ ಮತ್ತು ‘ಲ’ ಮಾತ್ರ. ಇದನ್ನು ತಪ್ಪಾಗಿ ಕೇಳಿಸಿಕೊಂಡರೆ ಮರುದಿನದ ಪತ್ರಿಕೆಯಲ್ಲಿ ಒಬ್ಬ ವಿಧವೆಯ ಪಿಂಚಣಿ ಬಂದುಬಿಟ್ಟಿರುತ್ತದೆ, ಅಧಿಕಾರಿ ಅದನ್ನೇ ಕತ್ತರಿಸಿ ಕಡತಕ್ಕೆ ಸೇರಿಸುತ್ತಾನೆ.

ಸರ ತಮ್ಮ ಸ್ವಂತ ದುಡ್ಡಿನಿಂದಲೇ ಕಿವಿಯ ಯಂತ್ರ ಕೊಂಡರು. ನಮ್ಮಂಥವರಿಗೆ ಪತ್ರಿಕೆಯಿಂದ ವೈದ್ಯಕೀಯ ಭತ್ಯೆ ಎಂಬುದಿಲ್ಲ. ಆ ಯಂತ್ರಕ್ಕೆ ಬ್ಲೂಟೂತ್ ಇತ್ತು. ಎಲ್ಲ ಯಂತ್ರಗಳೂ ಕಂಪ್ಯೂಟರಿಗೆ ಸೇರುವುದಿಲ್ಲ. ಕೆಲವು ಫೋನಿಗೆ ಮಾತ್ರ ಜೋಡಿಯಾಗುತ್ತವೆ. ಅವರದು ಸಾಮಾನ್ಯ ಬ್ಲೂಟೂತ್ ಹೆಡ್‌ಸೆಟ್‌ನಂತೆ ಕಂಪ್ಯೂಟರಿಗೂ ಸೇರುವ ಬಗೆಯದು. ಫೋನಿನಲ್ಲಿ ಪ್ರಯತ್ನಿಸಿ ನೋಡಿದ್ದರು. ಧ್ವನಿಮುದ್ರಿಕೆ ನೇರವಾಗಿ ಕಿವಿಯೊಳಗೆ, ಅವರ ಕಿವಿಗೆ ಬೇಕಾದ ಅಳತೆಯಲ್ಲಿ ಬರುತ್ತಿತ್ತು. ಆದರೆ ಚಿಕ್ಕ ಪರದೆಯ ಮೇಲೆ ಕೇಳುತ್ತ, ನಿಲ್ಲಿಸುತ್ತ, ಹಿಂದಕ್ಕೆ ಒಯ್ಯುತ್ತ, ಅದೇ ಹೊತ್ತಿಗೆ ಬರೆದುಕೊಳ್ಳುವುದು ಆಗುವುದಿಲ್ಲ. ಒಂದು ಗ್ರಾಮಸಭೆ ಎಂದರೆ ಎರಡು ತಾಸಿನ ಮುದ್ರಿಕೆ. ಅದಕ್ಕೆ ದೊಡ್ಡ ಪರದೆ, ಕೀಬೋರ್ಡ್, ಕುರ್ಚಿ ಬೇಕು. ಹೀಗಾಗಿ ಡೆಸ್ಕ್‌ಟಾಪ್‌ನಲ್ಲಿ ಬ್ಲೂಟೂತ್ ಬರುವುದೆಂದರೆ ಅವರು ಕೆಲಸದಲ್ಲಿ ಉಳಿಯುವುದು ಎಂದೇ ಅರ್ಥವಾಗಿತ್ತು. ‘ಬರ್ಲಿಲ್ಲಂದ್ರ ಬಿಡ್ರೆಪಾ, ನಾ ಇನ್ನ ಪ್ರೆಸ್‌ನೋಟ್ ನೋಡಿ ಬರೀತೀನಿ’ ಎಂದು ಅವರು ಒಮ್ಮೆ ನಗುತ್ತ ಹೇಳಿದರು. ಆ ನಗು ನಮಗೆ ಸರಿ ಅನ್ನಿಸಲಿಲ್ಲ. ಪ್ರೆಸ್‌ನೋಟ್ ನೋಡಿ ಬರೆಯುವುದು ಅವರು ಜನ್ಮದಲ್ಲಿ ಮಾಡದ ಕೆಲಸ.

ಈಗ ರಿಪೇರಿಗೆ ಬರೋಣ.

ಬ್ಲೂಟೂತ್ ‘ಬರುವುದಿಲ್ಲ’ ಎಂಬ ಮಾತಿನಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳು ಅಡಗಿವೆ. ಮೊದಲು ಅದನ್ನು ಬಿಡಿಸಿಕೊಳ್ಳಬೇಕು. ಒಂದು, ಸೆಟ್ಟಿಂಗ್ಸ್‌ನಲ್ಲಿ ಬ್ಲೂಟೂತ್ ಗುಂಡಿ ಇದೆ, ಆದರೆ ಆಫ್ ಆಗಿದೆ ಅಥವಾ ಆನ್ ಮಾಡಿದರೂ ಸಾಧನಗಳು ಕಾಣುವುದಿಲ್ಲ. ಎರಡು, ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಇದೆ, ಆದರೆ ಅದರ ಮೇಲೆ ಹಳದಿ ಗುರುತು, ತೆರೆದರೆ ಕೋಡ್ 10 ಅಥವಾ ಕೋಡ್ 43 ಎಂಬ ದೋಷ. ಕೋಡ್ 10 ಎಂದರೆ ಸಾಧನ ಶುರುವಾಗುತ್ತಿಲ್ಲ, 43 ಎಂದರೆ ಸಾಧನವೇ ತನಗೆ ತೊಂದರೆ ಇದೆ ಎಂದು ವರದಿ ಮಾಡಿದೆ. ಮೂರು, ಬ್ಲೂಟೂತ್ ಎಂಬ ವಿಭಾಗವೇ ಅಲ್ಲಿಲ್ಲ, ಸೆಟ್ಟಿಂಗ್ಸ್‌ನಲ್ಲಿ ಗುಂಡಿಯೂ ಇಲ್ಲ. ಮೊದಲನೆಯದು ಬಹುಮಟ್ಟಿಗೆ ಸೆಟ್ಟಿಂಗ್ ಅಥವಾ ಸಿಗ್ನಲ್ಲಿನ ಮಾತು. ಎರಡನೆಯದಕ್ಕೆ ಹೆಚ್ಚಾಗಿ ಡ್ರೈವರ್ ಕಾರಣ. ಮೂರನೆಯದರಲ್ಲಿ ಕಂಪ್ಯೂಟರಿಗೆ ಅಂಥದೊಂದು ವಸ್ತು ತನಗೆ ಜೋಡಿಸಿದೆ ಎಂಬುದೇ ಗೊತ್ತಿಲ್ಲ. ನಮ್ಮದು ಮೂರನೆಯದು.

ಅಂಗಡಿಯವರು ಡ್ರೈವರ್ ಮತ್ತೆ ಹಾಕಿಕೊಟ್ಟರು. ವೈಫೈ ಡ್ರೈವರ್ ಬೇರೆ, ಬ್ಲೂಟೂತ್ ಡ್ರೈವರ್ ಬೇರೆ. ಎರಡನ್ನೂ ಹಾಕಿದರು. ಏನೂ ಬದಲಾಗಲಿಲ್ಲ. ಇಲ್ಲಿ ಒಂದು ಮಾತು ನೆನಪಿಡಬೇಕು. ಡ್ರೈವರ್ ಎಂಬುದು ದುಭಾಷಿ ಇದ್ದಂತೆ. ಮಾತಾಡುವವನು ಕೋಣೆಯಲ್ಲಿ ಇದ್ದರೆ ದುಭಾಷಿಗೆ ಕೆಲಸ. ಆಸಾಮಿಯೇ ಬಂದಿಲ್ಲ ಎಂದರೆ ಎಷ್ಟು ದುಭಾಷಿಗಳನ್ನು ಕೂರಿಸಿದರೂ ಅಷ್ಟೇ.

ಮುಂದಿನ ಸಲಹೆ, ಪವರ್ ಪೂರ್ತಿ ತೆಗೆಯುವುದು. ಇದು ಸುಲಭ, ಖರ್ಚಿಲ್ಲದ್ದು, ಎಷ್ಟೋ ಸಲ ಕೆಲಸ ಮಾಡುತ್ತದೆ ಕೂಡ. ಡೆಸ್ಕ್‌ಟಾಪ್ ಅನ್ನು ಶಟ್‌ಡೌನ್ ಮಾಡಿದರೂ ಪ್ಲಗ್ ಇರುವವರೆಗೆ ಮದರ್‌ಬೋರ್ಡ್‌ಗೆ 5 ವೋಲ್ಟ್‌ನ ಒಂದು ಸಣ್ಣ ಹರಿವು ಇದ್ದೇ ಇರುತ್ತದೆ. ಅದರಿಂದ ಬ್ಲೂಟೂತ್ ಚಿಪ್ ಹಿಡಿದುಕೊಂಡ ಕೆಟ್ಟ ಸ್ಥಿತಿ ಬಿಟ್ಟುಹೋಗುವುದಿಲ್ಲ. ಜೊತೆಗೆ ವಿಂಡೋಸ್‌ನ ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಪೂರ್ತಿ ಆರಿಸದೆ ಅರ್ಧ ನಿದ್ದೆ ಮಾಡಿಸುತ್ತದೆ. ಆದ್ದರಿಂದ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಹಚ್ಚಬೇಕು. ಹಚ್ಚಿದೆವು. ಬ್ಲೂಟೂತ್ ಇಲ್ಲ.

ಇಷ್ಟಾದ ಮೇಲೆ ಅಂಗಡಿಯವರು ಕಾರ್ಡ್ ಹೋಗಿದೆ ಎಂದು ತೀರ್ಮಾನ ಕೊಟ್ಟರು. ಹೊಸದಕ್ಕೆ ಎರಡು ಸಾವಿರ ರೂಪಾಯಿಯ ಆಸುಪಾಸು. ನಮ್ಮಲ್ಲಿ ಫೋಟೊ, ವಿಡಿಯೊ ನೋಡಿಕೊಳ್ಳುವ ಗೆಳೆಯ ಅದಕ್ಕೆ ಒಪ್ಪಲಿಲ್ಲ. ‘ಅವ್ರು ಹೇಳಿದ್ದು ಒಂದು ಹೇಳಿಕೆ. ಇನ್ನೊಂದು ಕಡೆಯಿಂದ ಖಾತ್ರಿ ಮಾಡ್ಕೋಬೇಕಲ್ಲ?’ ಎಂದ. ಒಂದೇ ಮೂಲದ ಸುದ್ದಿಯನ್ನು ನಂಬಬೇಡಿ ಎಂದು ಡಿಪ್ಲೊಮಾ ತರಗತಿಯಲ್ಲಿ ಕಲಿಸಿದ್ದನ್ನು ಅವನು ಕಂಪ್ಯೂಟರಿಗೂ ಹಚ್ಚಿದ.

ಖಾತ್ರಿ ಮಾಡಿಕೊಳ್ಳುವ ಉಪಾಯ ಹೀಗಿದೆ. ಉಬುಂಟು ಎಂಬ ಉಚಿತ ಲಿನಕ್ಸ್ ವ್ಯವಸ್ಥೆಯನ್ನು ಒಂದು ಪೆನ್‌ಡ್ರೈವ್‌ಗೆ ಹಾಕಿಕೊಂಡು, ಕಂಪ್ಯೂಟರನ್ನು ಆ ಪೆನ್‌ಡ್ರೈವ್‌ನಿಂದಲೇ ಶುರು ಮಾಡಬಹುದು. ಹಾರ್ಡ್‌ಡಿಸ್ಕಿನಲ್ಲಿರುವ ವಿಂಡೋಸ್ ಅನ್ನು ಮುಟ್ಟುವ ಅಗತ್ಯವಿಲ್ಲ. ‘ಟ್ರೈ’ ಎಂಬುದನ್ನು ಆರಿಸಿಕೊಂಡರೆ ಸಾಕು, ‘ಇನ್‌ಸ್ಟಾಲ್’ ಮಾಡಬಾರದು. ಅಲ್ಲಿ ಟರ್ಮಿನಲ್ ತೆರೆದು ಎರಡು ಆಜ್ಞೆ ಬರೆದೆವು. ‘ಎಲ್‌ಎಸ್‌ಪಿಸಿಐ’ ಎಂದು ಬರೆದರೆ ಪಿಸಿಐ ದಾರಿಯಲ್ಲಿ ಏನೇನು ಜೋಡಣೆಯಾಗಿದೆ ಎಂಬ ಪಟ್ಟಿ ಬರುತ್ತದೆ. ‘ಎಲ್‌ಎಸ್‌ಯುಎಸ್‌ಬಿ’ ಎಂದರೆ ಯುಎಸ್‌ಬಿ ದಾರಿಯ ಪಟ್ಟಿ. ಮೊದಲ ಪಟ್ಟಿಯಲ್ಲಿ ವೈಫೈ ಇತ್ತು. ಎರಡನೆಯದರಲ್ಲಿ ಕೀಬೋರ್ಡ್, ಮೌಸ್, ಪೆನ್‌ಡ್ರೈವ್ ಎಲ್ಲ ಇದ್ದವು. ಬ್ಲೂಟೂತ್ ಯಾವುದರಲ್ಲಿಯೂ ಇರಲಿಲ್ಲ.

ಎರಡು ಬೇರೆ ಬೇರೆ ವ್ಯವಸ್ಥೆಗಳಿಗೂ ವಸ್ತು ಕಾಣುತ್ತಿಲ್ಲವೆಂದರೆ ತಪ್ಪು ವಿಂಡೋಸ್‌ನದಲ್ಲ, ಡ್ರೈವರ್‌ನದೂ ಅಲ್ಲ. ಹಾಗಾದರೆ ಉಳಿದದ್ದು ಎರಡು ಸಾಧ್ಯತೆ: ಕಾರ್ಡಿನ ಆ ಭಾಗ ಕೆಟ್ಟಿದೆ, ಇಲ್ಲವೇ ಅದು ಮದರ್‌ಬೋರ್ಡ್‌ಗೆ ತಲುಪಿಯೇ ಇಲ್ಲ.

ಈ ಇಡೀ ವಿಷಯದ ಗಂಟು ಇಲ್ಲಿದೆ. ವೈಫೈ-ಬ್ಲೂಟೂತ್ ಕಾರ್ಡ್ ಎಂದು ನಾವು ಕರೆಯುವುದು ನೋಡುವುದಕ್ಕೆ ಒಂದು, ಲೆಕ್ಕಕ್ಕೆ ಎರಡು. ಒಂದೇ ತಗಡಿನ ಮೇಲೆ, ಹಲವು ಸಲ ಒಂದೇ ಚಿಪ್ಪಿನಲ್ಲಿ, ಎರಡು ಸಾಧನಗಳು ವಾಸವಾಗಿರುತ್ತವೆ. ವೈಫೈಗೆ ವೇಗ ಬೇಕು, ಅದು ಪಿಸಿಐಇ ದಾರಿಯಲ್ಲಿ ಹೋಗುತ್ತದೆ. ಬ್ಲೂಟೂತ್‌ಗೆ ಅಷ್ಟು ವೇಗ ಬೇಡ, ಅದು ಯುಎಸ್‌ಬಿ ದಾರಿಯಲ್ಲಿ ಹೋಗುತ್ತದೆ. ಒಂದೇ ಮನೆಯಲ್ಲಿ ಇದ್ದರೂ ಇಬ್ಬರ ಬಾಗಿಲು ಬೇರೆ ಬೇರೆ. ಲ್ಯಾಪ್‌ಟಾಪ್‌ನಲ್ಲಿ ಇದು ಗೊತ್ತೇ ಆಗುವುದಿಲ್ಲ. ಯಾಕೆಂದರೆ ಅಲ್ಲಿ ಬಳಸುವ ಎಂ.2 ಎಂಬ ಪುಟ್ಟ ಸ್ಲಾಟಿನಲ್ಲಿ (ವೈಫೈಗೆಂದೇ ಇರುವ ‘ಇ ಕೀ’ ಬಗೆಯದರಲ್ಲಿ) ಪಿಸಿಐಇ ತಂತಿಗಳೂ ಯುಎಸ್‌ಬಿ ತಂತಿಗಳೂ ಒಟ್ಟಿಗೆ ಇರುತ್ತವೆ. ಆದರೆ ಡೆಸ್ಕ್‌ಟಾಪ್‌ನ ಮಾಮೂಲು ಪಿಸಿಐಇ ಸ್ಲಾಟಿನಲ್ಲಿ ಯುಎಸ್‌ಬಿ ತಂತಿಗಳು ಇರುವುದಿಲ್ಲ. ಹೀಗಾಗಿ ಇಂಥ ಕಾರ್ಡಿನ ಅಂಚಿನಲ್ಲಿ ಒಂದು ಸಣ್ಣ ಕನೆಕ್ಟರ್ ಕೊಟ್ಟಿರುತ್ತಾರೆ. ಅಲ್ಲಿಂದ ಒಂದು ಕೇಬಲ್ ಹೊರಟು ಮದರ್‌ಬೋರ್ಡ್‌ನಲ್ಲಿರುವ ಯುಎಸ್‌ಬಿ 2.0 ಹೆಡರ್‌ಗೆ, ಅಂದರೆ 9 ಸೂಜಿಗಳ ಸಾಲಿಗೆ, ಸೇರಬೇಕು. ಆ ಕೇಬಲ್ ಇಲ್ಲದಿದ್ದರೆ ವೈಫೈ ಚೆನ್ನಾಗಿ ನಡೆಯುತ್ತದೆ, ಬ್ಲೂಟೂತ್ ಹುಟ್ಟುವುದೇ ಇಲ್ಲ.

ಇದು ತಿಳಿದ ಮೇಲೆ ಕಾರ್ಡಿನ ಡಬ್ಬಿಯನ್ನು ಹುಡುಕಿದೆವು. ಕಪಾಟಿನ ಮೇಲೆ, ಹಳೆಯ ಪತ್ರಿಕೆಗಳ ಕಟ್ಟಿನ ಪಕ್ಕ ಇತ್ತು. ಒಳಗೆ ಸಣ್ಣ ಪ್ಲಾಸ್ಟಿಕ್ ಚೀಲದಲ್ಲಿ ಗೇಣುದ್ದದ ಕಪ್ಪು ಕೇಬಲ್ ಸುತ್ತಿಟ್ಟಂತೆಯೇ ಇತ್ತು.

ಕ್ಯಾಬಿನೆಟ್ ತೆರೆಯುವ ಮೊದಲು ಪ್ಲಗ್ ತೆಗೆದೆವು. ಬರಿಗೈಯಿಂದ ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಮುಟ್ಟಿದೆವು. ಮೈಯಲ್ಲಿ ಸೇರಿಕೊಂಡ ಸ್ಥಿರವಿದ್ಯುತ್ತು ಚಿಪ್ಪಿಗೆ ಹಾರದಿರಲಿ ಎಂದು ಹೀಗೆ ಮಾಡಬೇಕು. ಮುಚ್ಚಳ ತೆಗೆಯುತ್ತಿದ್ದಂತೆ ಮೂವರಿಗೂ ಸೀನು. ನಮ್ಮ ಕೋಣೆ ಮೆಣಸಿನಕಾಯಿ ಗಾಡಿಗಳು ಬ್ಯಾಡಗಿಗೆ ಹೋಗುವ ದಾರಿಯಲ್ಲಿದೆ. ಸುಗ್ಗಿಯಲ್ಲಿ ಗಾಳಿಯಲ್ಲಿ ಹಾರಿದ ಘಾಟು ಫ್ಯಾನ್ ಎಳೆದುಕೊಂಡು ಒಳಗೆ ಕೂಡಿಟ್ಟಿತ್ತು.

ಒಳಗೆ ನೋಡಿದರೆ ಆ ಬೋರ್ಡಿನಲ್ಲಿ ಯುಎಸ್‌ಬಿ 2.0 ಹೆಡರ್ ಇದ್ದದ್ದು ಒಂದೇ. ಅದಕ್ಕೆ ಕ್ಯಾಬಿನೆಟ್ಟಿನ ಮುಂಭಾಗದ ಯುಎಸ್‌ಬಿ ಕಿಂಡಿಗಳ ಕೇಬಲ್ ಸಿಕ್ಕಿಸಿದ್ದರು. ಜೋಡಿಸಿದವರು ಬ್ಲೂಟೂತ್ ಕೇಬಲ್ಲನ್ನು ಏಕೆ ಬಿಟ್ಟರು ಎಂಬುದಕ್ಕೆ ಉತ್ತರ ಅಲ್ಲೇ ಇತ್ತು. ಹಾಕುವುದಕ್ಕೆ ಜಾಗ ಇರಲಿಲ್ಲ.

ಇಂಥ ಸಂದರ್ಭದಲ್ಲಿ ದಾರಿಗಳು ಮೂರು. ಮುಂಭಾಗದ ಕಿಂಡಿಗಳನ್ನು ಬಿಟ್ಟುಕೊಟ್ಟು ಆ ಜಾಗ ಬ್ಲೂಟೂತ್‌ಗೆ ಕೊಡುವುದು ಒಂದು. ಹೆಡರ್‌ಗೆ ಸಿಕ್ಕಿಸುವ ಒಳಗಿನ ಯುಎಸ್‌ಬಿ ಹಬ್ ಕೊಳ್ಳುವುದು ಇನ್ನೊಂದು. ಒಂದು ಹೆಡರ್‌ನಲ್ಲಿ ಎರಡು ಯುಎಸ್‌ಬಿ ಕಿಂಡಿಗಳಿಗೆ ಆಗುವಷ್ಟು ಮಾತ್ರ ತಂತಿ ಇರುತ್ತವೆ. ಆದ್ದರಿಂದ ಅದಕ್ಕಿಂತ ಹೆಚ್ಚು ಸಾಧನ ಸೇರಿಸಲು ಬರೀ ಕವಲು ತಂತಿ ಸಾಲದು, ಒಳಗೆ ಚಿಪ್ ಇರುವ ಹಬ್ಬೇ ಬೇಕು. ಮೂರನೆಯದು, ಇದೆಲ್ಲ ಬೇಡವೆಂದು ಹಿಂದಿನ ಕಿಂಡಿಗೆ ಬ್ಲೂಟೂತ್ ಡಾಂಗಲ್ ಚುಚ್ಚುವುದು. ಅದೂ ತಪ್ಪಲ್ಲ, ಹೊಸ ಕಾರ್ಡಿಗಿಂತ ಬಹಳ ಅಗ್ಗ. ನಮ್ಮ ಕ್ಯಾಬಿನೆಟ್ಟಿನ ಮುಂದೆ ಯುಎಸ್‌ಬಿ 3.0 ಕಿಂಡಿಯೂ ಇತ್ತು. ಅದರ ಹೆಡರ್ 19 ಸೂಜಿಗಳದ್ದು, ಬೇರೆಯೇ. ಪೆನ್‌ಡ್ರೈವ್‌ಗೆ ಅದು ಸಾಕಾಗುತ್ತಿತ್ತು. ಹಾಗಾಗಿ ಮೊದಲ ದಾರಿ ಹಿಡಿದೆವು. ಖರ್ಚು ಸೊನ್ನೆ.

ಇಲ್ಲಿ ಒಂದು ಎಚ್ಚರಿಕೆ. ಯುಎಸ್‌ಬಿ 2.0 ಹೆಡರ್‌ನಲ್ಲಿ ಐದೈದು ಸೂಜಿಗಳ ಎರಡು ಸಾಲು ಇದ್ದು, ಮೂಲೆಯ ಒಂದು ಸೂಜಿ ಇರುವುದಿಲ್ಲ. ತಿರುವುಮುರುವಾಗಿ ಹಾಕದಿರಲಿ ಎಂದು ಆ ಗುರುತು. ಆದರೆ ಮುಂಭಾಗದ ಆಡಿಯೊ ಹೆಡರ್‌ಗೂ 9 ಸೂಜಿಗಳೇ. ಅದರಲ್ಲಿ ಇಲ್ಲದ ಸೂಜಿ ಮೂಲೆಯದಲ್ಲ, ಅದರ ಒಳಗಿನದು. ಕೆಲವು ಬೋರ್ಡುಗಳಲ್ಲಿ ಕಾಮ್ ಪೋರ್ಟ್‌ನ ಹೆಡರ್ ಕೂಡ ಹೀಗೆಯೇ ಕಾಣುತ್ತದೆ. ಆದ್ದರಿಂದ ಸೂಜಿ ಎಣಿಸಿ ನಂಬುವುದಕ್ಕಿಂತ ಬೋರ್ಡಿನ ಮೇಲೆ ಪಕ್ಕದಲ್ಲಿ ಅಚ್ಚಾದ ಹೆಸರನ್ನು ಓದಬೇಕು. ‘ಎಫ್_ಯುಎಸ್‌ಬಿ’, ‘ಜೆಯುಎಸ್‌ಬಿ’ ಹೀಗೆ ಯುಎಸ್‌ಬಿ ಎಂಬ ಮಾತು ಅದರಲ್ಲಿ ಇರುತ್ತದೆ. ಒತ್ತಿದರೆ ಸಲೀಸಾಗಿ ಕೂರಬೇಕು. ಕೂರದಿದ್ದರೆ ಬಲ ಹಾಕಬಾರದು, ಸೂಜಿ ಬಾಗಿದರೆ ಆ ಹೆಡರ್‌ನ ಕಥೆ ಮುಗಿದ ಹಾಗೆ.

ಕೇಬಲ್ ಸಿಕ್ಕಿಸಿ ಹಚ್ಚಿದೆವು. ವಿಂಡೋಸ್ ತಾನಾಗಿಯೇ ಗುರುತಿಸಿತು. ಡಿವೈಸ್ ಮ್ಯಾನೇಜರ್‌ನಲ್ಲಿ ಬ್ಲೂಟೂತ್ ಎಂಬ ಸಾಲು ಮೊದಲ ಬಾರಿಗೆ ಬಂತು. ಸರ ತಮ್ಮ ಯಂತ್ರವನ್ನು ಜೋಡಿ ಮಾಡಿದರು. ಒಂದು ಮುದ್ರಿಕೆ ಹಾಕಿದೆವು. ಅವರ ಮುಖ ಅರಳಿತು, ಒಂದು ನಿಮಿಷದಲ್ಲಿ ಗಂಟು ಬಿತ್ತು. ‘ಕಡ್ದು ಕಡ್ದು ಬರ್ತೈತ್ರೆಪಾ’ ಎಂದರು.

ಇದು ಎರಡನೆಯ ಕಾಯಿಲೆ, ಮೊದಲನೆಯದಕ್ಕೆ ಸಂಬಂಧವಿಲ್ಲದ್ದು. ಬ್ಲೂಟೂತ್ ನಡೆಯುವುದು 2.4 ಗಿಗಾಹರ್ಟ್ಸ್ ಎಂಬ ಅಲೆಪಟ್ಟಿಯಲ್ಲಿ. ಅದಕ್ಕೆ ಲೈಸೆನ್ಸ್ ಬೇಡ. ಲೈಸೆನ್ಸ್ ಬೇಡದ ಜಾಗವೆಂದರೆ ಸಂತೆಯಿದ್ದಂತೆ, ಎಲ್ಲರೂ ಅಲ್ಲೇ. ಹಳೆಯ ವೈಫೈ, ಫೋನಿನ ಹಾಟ್‌ಸ್ಪಾಟ್, ವೈರ್‌ಲೆಸ್ ಮೌಸ್, ಮೈಕ್ರೊವೇವ್ ಒಲೆ ಎಲ್ಲ ಅದೇ ಪಟ್ಟಿಯಲ್ಲಿ ಗದ್ದಲ ಮಾಡುತ್ತವೆ. ಈ ಗದ್ದಲದಲ್ಲಿ ಬದುಕಲೆಂದೇ ಮೂಲ ಬ್ಲೂಟೂತ್ ಆ ಪಟ್ಟಿಯನ್ನು 79 ಕಾಲುದಾರಿಗಳಾಗಿ ಸೀಳಿಕೊಂಡು, ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಗದ್ದಲವಿರುವ ದಾರಿಗಳನ್ನು ಗುರುತಿಸಿ ಬಿಟ್ಟುಬಿಡುವ ಜಾಣತನವೂ ಆಮೇಲೆ ಸೇರಿತು. ಆದರೂ ಎಲ್ಲ ದಾರಿಯಲ್ಲೂ ಒಟ್ಟಿಗೆ ಗದ್ದಲವಿದ್ದರೆ ಜಿಗಿದು ಎಲ್ಲಿಗೆ ಹೋಗುವುದು?

ನಮ್ಮ ಕಂಪ್ಯೂಟರ್ ಮೇಜಿನ ಕೆಳಗೆ, ಗೋಡೆ ಮತ್ತು ಕಬ್ಬಿಣದ ಕಪಾಟಿನ ನಡುವೆ ಇತ್ತು. ಆಂಟೆನಾಗಳು ಹಿಂಭಾಗದಲ್ಲಿ, ಕಪಾಟಿಗೆ ಮುಖ ಮಾಡಿ. ಇದೇ ಆಂಟೆನಾಗಳನ್ನು ವೈಫೈ ಮತ್ತು ಬ್ಲೂಟೂತ್ ಹಂಚಿಕೊಳ್ಳುತ್ತವೆ. ಆಂಟೆನಾ ವೈಫೈಗೆ ಮಾತ್ರ ಎಂದು ತಿಳಿದು ಹಾಕದೆ ಬಿಡುವವರೂ ಇದ್ದಾರೆ. ಹಾಗೆ ಬಿಟ್ಟರೆ ಬ್ಲೂಟೂತ್ ಗೇಣು ದೂರಕ್ಕೂ ಕಷ್ಟಪಡುತ್ತದೆ. ಅವುಗಳ ಪಕ್ಕದಲ್ಲಿಯೇ ಹಳೆಯ ಫೋಟೊಗಳನ್ನು ಇಟ್ಟ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಚುಚ್ಚಿತ್ತು. ಯುಎಸ್‌ಬಿ 3.0 ಸಾಧನಗಳು ಕೆಲಸ ಮಾಡುವಾಗ ಅವುಗಳ ಕನೆಕ್ಟರ್ ಮತ್ತು ಕೇಬಲ್‌ಗಳಿಂದ ಇದೇ 2.4 ಗಿಗಾಹರ್ಟ್ಸ್ ಸುತ್ತ ಸದ್ದು ಸೋರುತ್ತದೆ. ಇದರ ಬಗ್ಗೆ ಇಂಟೆಲ್ ಕಂಪನಿಯೇ 2012ರಲ್ಲಿ ಒಂದು ತಾಂತ್ರಿಕ ಟಿಪ್ಪಣಿ ಪ್ರಕಟಿಸಿದೆ. ಹಾರ್ಡ್‌ಡಿಸ್ಕನ್ನು ಮುಂಭಾಗದ ಕಿಂಡಿಗೆ ಸಾಗಿಸಿದೆವು. ಕಂಪ್ಯೂಟರನ್ನು ಕಪಾಟಿನಿಂದ ಸರಿಸಿ, ಆಂಟೆನಾಗಳನ್ನು ನೇರ ನಿಲ್ಲಿಸಿದೆವು. ಫೋನಿನ ಹಾಟ್‌ಸ್ಪಾಟನ್ನು 5 ಗಿಗಾಹರ್ಟ್ಸ್‌ಗೆ ಬದಲಿಸಿದೆವು. ಅಲ್ಲಿಗೆ ವೈಫೈ ಬೇರೆ ರಸ್ತೆಗೆ ಹೋಯಿತು, ಬ್ಲೂಟೂತ್‌ಗೆ ಸಂತೆಯಲ್ಲಿ ಸ್ವಲ್ಪ ಜಾಗವಾಯಿತು. ಕಡಿಯುವುದು ನಿಂತಿತು.

ಮೂರನೆಯ ಕಾಯಿಲೆ ಮರುದಿನ ಕಾಣಿಸಿತು. ಜಿಲ್ಲಾ ಕಚೇರಿಯ ಆನ್‌ಲೈನ್ ಸಭೆ ಮುಗಿದ ಮೇಲೆ ಸರ ಮತ್ತೆ ಮುದ್ರಿಕೆ ಹಾಕಿದರೆ ಧ್ವನಿ ಹಳೆಯ ಲ್ಯಾಂಡ್‌ಲೈನ್ ಫೋನಿನಂತೆ, ಡಬ್ಬಿಯೊಳಗಿಂದ ಬಂದಂತೆ. ಇದಕ್ಕೂ ಕಾರಣವಿದೆ. ಬ್ಲೂಟೂತ್ ಹೆಡ್‌ಸೆಟ್‌ಗಳಿಗೆ ಎರಡು ವೇಷ. ಕೇಳುವುದು ಮಾತ್ರ ಇದ್ದಾಗ ಎ2ಡಿಪಿ ಎಂಬ ವೇಷ, ಧ್ವನಿ ಚೆನ್ನಾಗಿರುತ್ತದೆ. ಅದರ ಮೈಕನ್ನೂ ಬಳಸುವಾಗ ಹ್ಯಾಂಡ್ಸ್‌ಫ್ರೀ ವೇಷ, ಆಗ ಧ್ವನಿಯ ಗುಣಮಟ್ಟ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ. ಹಳೆಯ ಬಗೆಯ ಹ್ಯಾಂಡ್ಸ್‌ಫ್ರೀಯಲ್ಲಿ 4 ಕಿಲೊಹರ್ಟ್ಸ್‌ಗಿಂತ ಮೇಲಿನ ಧ್ವನಿ ಬರುವುದೇ ಇಲ್ಲ. ‘ಸ’ ಅಕ್ಷರದ ಬಹುಪಾಲು ಬಲ ಇರುವುದು ಅದರ ಮೇಲೆಯೇ. ಸಭೆಯ ಆ್ಯಪ್ ಹಿಂದೆ ಎಲ್ಲೋ ತೆರೆದೇ ಇದ್ದು ಮೈಕನ್ನು ಹಿಡಿದುಕೊಂಡಿದ್ದರಿಂದ ಯಂತ್ರ ಫೋನಿನ ವೇಷದಲ್ಲೇ ಉಳಿದಿತ್ತು. ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಎಂದು ಮೇಜಿನ ಮೇಲಿನ ತಂತಿ ಮೈಕನ್ನು ಕೊಟ್ಟು, ಔಟ್‌ಪುಟ್ ಎಂದು ಅವರ ಯಂತ್ರವನ್ನು ಕೊಟ್ಟೆವು. ಆ್ಯಪ್ ಪೂರ್ತಿ ಮುಚ್ಚಿದೆವು. ಧ್ವನಿ ಮರಳಿತು.

ಆ ವಾರ ಅವರು ಕೇಳಿದ್ದು ಒಂದು ಗ್ರಾಮಸಭೆಯ ಮುದ್ರಿಕೆ. ಸಭೆಯಲ್ಲಿ ಮನೆ ಬಿದ್ದವರ ಪರಿಹಾರದ ಮಾತು ಬಂದಿತ್ತು. ಒಬ್ಬ ಅಜ್ಜಿ ದೂರದಿಂದ, ಗದ್ದಲದ ನಡುವೆ ಏನೋ ಹೇಳಿದ್ದಳು. ಪಂಚಾಯಿತಿಯ ನಡಾವಳಿಯಲ್ಲಿ ‘ಫಲಾನುಭವಿ ಹಣ ಬಂದಿರುವುದನ್ನು ಒಪ್ಪಿಕೊಂಡಿರುತ್ತಾರೆ’ ಎಂದು ಬರೆದಾಗಿತ್ತು. ಸರ ಆ ಆರು ಸೆಕೆಂಡನ್ನು ಹತ್ತಾರು ಸಲ ಹಿಂದೆ ಮುಂದೆ ಮಾಡಿ ಕೇಳಿದರು. ಆಮೇಲೆ ನಮ್ಮನ್ನೂ ಕರೆದು ಸ್ಪೀಕರಿನಲ್ಲಿ ಕೇಳಿಸಿದರು. ‘ಲ್ರಿ ಅಂತಾಳ, ತ್ರಿ ಅಲ್ಲ’ ಎಂದರು. ಮರುದಿನ ಬೆಳಿಗ್ಗೆ ಬಸ್ ಹತ್ತಿ ಅಜ್ಜಿಯ ಊರಿಗೇ ಹೋಗಿ, ಪಾಸ್‌ಬುಕ್ ತರಿಸಿ ನೋಡಿದರು. ಹಣ ಬಂದಿರಲಿಲ್ಲ. ಸುದ್ದಿ ಒಳಪುಟದಲ್ಲಿ, ಎರಡು ಕಾಲಂನಲ್ಲಿ ಬಂತು. ಹಣ ಇನ್ನೂ ಬಂದಿಲ್ಲ. ನಡಾವಳಿಯನ್ನು ತಿದ್ದಿದ್ದಾರೆ, ಅಷ್ಟಾಗಿದೆ.

ಅಂಗಡಿಯವರಿಗೆ ಹೋಗಿ ಕೇಬಲ್ ವಿಷಯ ಹೇಳಿದೆವು, ಜಗಳಕ್ಕಲ್ಲ. ಅವರು ತಲೆ ಕೆರೆದುಕೊಂಡು, ‘ನಮ್ಮ ಹತ್ರ ಡೆಸ್ಕ್‌ಟಾಪ್‌ನ್ಯಾಗ ಬ್ಲೂಟೂತ್ ಯಾರೂ ಕೇಳಂಗಿಲ್ರೀ, ಮುಂದಿನ ಯುಎಸ್‌ಬಿ ಇರ್ಲಿಲ್ಲಂದ್ರ ಬೈತಾರ’ ಎಂದರು. ಅದೂ ನಿಜವೇ. ಕೇಳುವವರು ಹೆಚ್ಚಿದ್ದ ಕಡೆಗೆ ತಂತಿ ಹೋಗುತ್ತದೆ. ಈಗ ಅವರು ಇಂಥ ಕಾರ್ಡ್ ಹಾಕುವಾಗ ಗಿರಾಕಿಯನ್ನು ಒಂದು ಮಾತು ಕೇಳುತ್ತಾರಂತೆ.

ನಿಮ್ಮ ಕಂಪ್ಯೂಟರಿನಲ್ಲಿಯೂ ಇದೇ ತೊಂದರೆ ಇದ್ದರೆ ಈ ಕ್ರಮದಲ್ಲಿ ನೋಡಿ. ಮೊದಲು ಡಿವೈಸ್ ಮ್ಯಾನೇಜರ್: ಬ್ಲೂಟೂತ್ ಇದೆಯೇ, ಹಳದಿ ಗುರುತಿದೆಯೇ, ಅಥವಾ ಸಾಲೇ ಇಲ್ಲವೇ. ಹಳದಿ ಇದ್ದರೆ ಪ್ಲಗ್ ಕಿತ್ತು ಹಚ್ಚುವುದು, ಆಮೇಲೆ ಕಾರ್ಡ್ ತಯಾರಕರ ಡ್ರೈವರ್. ಸಾಲೇ ಇಲ್ಲದಿದ್ದರೆ ಹಣ ಖರ್ಚು ಮಾಡುವ ಮೊದಲು ಮುಚ್ಚಳ ತೆಗೆದು ಕಾರ್ಡಿನಿಂದ ಹೆಡರ್‌ಗೆ ಕೇಬಲ್ ಇದೆಯೇ ನೋಡುವುದು. ಜೋಡಿಯಾಗಿ ಕಡಿಯುತ್ತಿದ್ದರೆ ಆಂಟೆನಾ, ಕಬ್ಬಿಣದ ಕಪಾಟು, ಯುಎಸ್‌ಬಿ 3.0 ಡಿಸ್ಕ್. ಧ್ವನಿ ಡಬ್ಬಿಯಂತಿದ್ದರೆ ಮೈಕ್ ಯಾರ ಕೈಯಲ್ಲಿದೆ ಎಂಬುದು. ಮದರ್‌ಬೋರ್ಡ್‌ನ ಎಂ.2 ಸ್ಲಾಟಿಗೆ ಪುಟ್ಟ ಕಾರ್ಡ್ ಕೊಳ್ಳುವವರಿಗೆ ಇನ್ನೊಂದು ಮಾತು: ಇಂಟೆಲ್‌ನ ಎಎಕ್ಸ್200 ಮತ್ತು ಎಎಕ್ಸ್201 ನೋಡಲು ಅಣ್ಣತಮ್ಮಂದಿರಂತಿವೆ, ಆದರೆ 201 ನಡೆಯುವುದು ಸಿಎನ್‌ವಿಐ ಎಂಬ ವ್ಯವಸ್ಥೆ ಇರುವ ಇಂಟೆಲ್ ಬೋರ್ಡ್‌ಗಳಲ್ಲಿ ಮಾತ್ರ. ಎಎಮ್‌ಡಿ ಬೋರ್ಡ್‌ಗೆ ಅದನ್ನು ತಂದರೆ ವೈಫೈಯೂ ಇಲ್ಲ, ಬ್ಲೂಟೂತೂ ಇಲ್ಲ.

ಕ್ಯಾಬಿನೆಟ್ ಮುಚ್ಚುವಾಗ ನಮ್ಮ ಗೆಳೆಯ ಒಂದು ಚೀಟಿ ಬರೆದು, ಆ ಕಪ್ಪು ಕೇಬಲ್ಲಿನ ಪಕ್ಕ ಟೇಪು ಹಚ್ಚಿ ಅಂಟಿಸಿದ. ಮುಂದೆ ಯಾರಾದರೂ ರಿಪೇರಿಗೆಂದು ತೆರೆದಾಗ ಕಾಣಲಿ ಎಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದಾನೆ: ‘ಇದನ್ನು ಕೀಳಬೇಡಿ. ಇದು ನಮ್ಮ ಸರ ಅವರ ಕಿವಿ.’